ಅಮ್ಮನಿಗೆ ಟಿವಿಯ ಮಾತು ಕೇಳಿಸುತ್ತಿಲ್ಲ. 12 ಸಾವಿರದಲ್ಲಿ ಹೊಸ ಟಿವಿಯಾ, ಸೌಂಡ್‌ಬಾರಾ?

ಸಾಗರದ_ಸುಮಾ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಮನೆ ಸಾಗರ ಪೇಟೆಯಿಂದ 9 ಕಿಲೋಮೀಟರ್ ಒಳಗೆ. ಹಾಲ್‌ನಲ್ಲಿ 32 ಇಂಚಿನ ಎಲ್‌ಇಡಿ ಟಿವಿ ಇದೆ, ತಗೊಂಡು 7 ವರ್ಷ ಆಯಿತು. ಡಿಶ್ ಇದೆ, ಎಚ್‌ಡಿ ಬಾಕ್ಸ್. ಹೋದ ವರ್ಷ ಫೈಬರ್ ಇಂಟರ್‌ನೆಟ್ ಬಂತು, ಅದಕ್ಕೆ ಅಂತ ಟಿವಿಗೆ ಒಂದು ಸ್ಟಿಕ್ ಹಾಕಿದ್ದೇವೆ. ಅದನ್ನು ನೋಡುವುದು ಮಗಳು ಮಾತ್ರ.

ಅಮ್ಮನಿಗೆ ಈಗ 71. ಸಂಜೆ ದೀಪ ಹಚ್ಚಿದ ಮೇಲೆ 9:30ರವರೆಗೆ ಟಿವಿ ಅವರದ್ದು. ತೊಂದರೆ ಏನೆಂದರೆ, ಮಾತು ಕೇಳಿಸುವುದಿಲ್ಲ. ವಾಲ್ಯೂಮ್ 40 ಇಟ್ಟರೂ "ಏನಂದ ಅವನು?" ಅಂತ ನನ್ನನ್ನು ಕೇಳುತ್ತಾರೆ. ನಾನು ಅಡುಗೆಮನೆಯಿಂದ ಬಂದು ಹೇಳುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತದೆ. ನಡುವೆ ಹಾಡೋ ಜಾಹೀರಾತೋ ಬಂದರೆ ಅದೇ ಟಿವಿ ಮನೆ ಸೀಳುವ ಹಾಗೆ ಕೂಗುತ್ತದೆ. ಈಚೆಗೆ ಅಮ್ಮ "ಬಿಡು, ಸುಮ್ನೆ ಚಿತ್ರ ನೋಡ್ತೀನಿ" ಅನ್ನುತ್ತಾರೆ. ನನಗೆ ಅದು ಸಂಕಟ.

ಚಿತ್ರವೂ ಮಸುಕಾಗಿದೆ. ಬೆಂಗಳೂರಿನಲ್ಲಿರುವ ತಮ್ಮ "55 ಇಂಚು 4ಕೆ ತಗೋ, ಇಎಂಐ ಮಾಡು" ಅಂತ ಹಟ ಹಿಡಿದಿದ್ದಾನೆ. ನನ್ನ ಕೈಯಲ್ಲಿರುವುದು 12 ಸಾವಿರ. ಅಡಿಕೆ ದುಡ್ಡು ಬರುವವರೆಗೆ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗುವುದಿಲ್ಲ. ಹಾಲ್ 12 ಅಡಿ ಅಗಲ, 14 ಅಡಿ ಉದ್ದ, ರೆಡ್‌ಆಕ್ಸೈಡ್ ನೆಲ. ಅಮ್ಮನ ಕುರ್ಚಿ ಟಿವಿಯಿಂದ 9 ಅಡಿ ದೂರ. ಏನು ಮಾಡಲಿ?

ಹುಬ್ಬಳ್ಳಿ_ಹುಡುಗ:
ಸೌಂಡ್‌ಬಾರ್ ತಗೊಳ್ಳಿ ಅಕ್ಕ, ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್. 5 ಸಾವಿರದ ಒಳಗೆ ಚೆನ್ನಾಗಿರೋದು ಸಿಗುತ್ತದೆ. ಉಳಿದ ದುಡ್ಡು ಉಳಿಯಿತು.

ನಾಗರಬಾವಿ_ನವೀನ:
ನಿಮ್ಮ ತಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. 55 ಬೇಡ, 43 ನೋಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮೊದಲು 32 ಇಂಚಿನವರೆಗೆ ಮಾತ್ರ 18 ಇತ್ತು. ಹಾಗಾಗಿ 43 ಈಗ ಅಷ್ಟೊಂದು ದೂರ ಇಲ್ಲ. 7 ವರ್ಷದ ಟಿವಿಗೆ ದುಡ್ಡು ಸುರಿಯುವುದು ಯಾಕೆ?

ದಾವಣಗೆರೆ_ಟಿವಿ_ಮಂಜು:
ಅಕ್ಕಾ, ಯಾರ ಮಾತೂ ಕೇಳಿ ದುಡ್ಡು ಬಿಚ್ಚಬೇಡಿ, ಒಂದು ನಿಮಿಷ ತಡೆಯಿರಿ. ನಾನು 22 ವರ್ಷದಿಂದ ಟಿವಿ ರಿಪೇರಿ ಮಾಡುವವನು. ಮೊದಲು ಟಾರ್ಚ್ ಹಿಡಿದು ಟಿವಿ ಹಿಂದೆ ನೋಡಿ. ಬಾಕ್ಸಿನಿಂದ ಟಿವಿಗೆ ಹೋಗಿರುವ ವೈರ್ ಯಾವುದು? ಹಳದಿ, ಕೆಂಪು, ಬಿಳಿ ಅಂತ ಮೂರು ಪಿನ್ ಇದೆಯಾ, ಅಥವಾ ಚಪ್ಪಟೆ ಬಾಯಿಯ ಒಂದೇ ವೈರ್ ಇದೆಯಾ?

ಸಾಗರದ_ಸುಮಾ:
ನೋಡಿದೆ ಅಣ್ಣ. ಮೂರು ಪಿನ್. ಜೇಡನ ಬಲೆ, ಹಲ್ಲಿ ಮೊಟ್ಟೆ ಎಲ್ಲಾ ಒರೆಸಿದ ಮೇಲೆ ಕಾಣಿಸಿತು. ಬಾಕ್ಸಿನ ಹಿಂದೆ ಎಚ್‌ಡಿಎಂಐ ಅಂತ ಬರೆದ ಇನ್ನೊಂದು ತೂತು ಇದೆ. ಅದಕ್ಕೆ ಕಪ್ಪು ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇದೆ.

ದಾವಣಗೆರೆ_ಟಿವಿ_ಮಂಜು:
ಇದೇ ನೋಡಿ. ನಾನು ಹೋಗುವ ಮನೆಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಆ ಹಳದಿ ಪಿನ್ ಹಳೆಯ ಡಬ್ಬಾ ಟಿವಿ ಕಾಲದ್ದು. ಅದರಲ್ಲಿ 576 ಗೆರೆಗಿಂತ ಜಾಸ್ತಿ ಚಿತ್ರ ಬರುವುದೇ ಇಲ್ಲ, ಬಣ್ಣವೂ ಒಂದಕ್ಕೊಂದು ಕಲಸಿಕೊಂಡು ಬರುತ್ತದೆ. ನೀವು ಎಚ್‌ಡಿ ಚಾನೆಲ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದರೂ ಟಿವಿಗೆ ಬರುತ್ತಿರುವುದು ಸಾದಾ ಚಿತ್ರವೇ. ನಾನು ಕೇಳಿದ ಚಪ್ಪಟೆ ಬಾಯಿಯ ವೈರ್ ಅಂದರೆ ಎಚ್‌ಡಿಎಂಐ ಕೇಬಲ್, 200-300 ರೂಪಾಯಿಗೆ ಸಿಗುತ್ತದೆ. "ಚಿನ್ನದ ಲೇಪ", "ಪ್ರೀಮಿಯಂ" ಅಂತ ಸಾವಿರ ಹೇಳಿದರೆ ಬೇಡ. ಒಂದೂವರೆ ಮೀಟರ್ ದೂರಕ್ಕೆ ಎಲ್ಲಾ ಒಂದೇ.

ಕೇಬಲ್ ಹಾಕಿದ ಮೇಲೆ ಎರಡು ಕೆಲಸ ಇದೆ. ಬಾಕ್ಸಿನ ಸೆಟ್ಟಿಂಗ್‌ಗೆ ಹೋಗಿ ವಿಡಿಯೋ ಔಟ್‌ಪುಟ್ 1080ಐ ಅಂತ ಮಾಡಿ. ಅಲ್ಲೇ ಆಡಿಯೋ ಅಂತ ಇರುತ್ತದೆ. ಅದು ಡಾಲ್ಬಿ ಅಂತ ಇದ್ದರೆ ಸ್ಟೀರಿಯೋ ಅಥವಾ ಪಿಸಿಎಂ ಮಾಡಿ. ಟಿವಿಯಲ್ಲಿರುವುದು ಎರಡೇ ಸ್ಪೀಕರ್, ಆರು ಸ್ಪೀಕರ್‌ಗೆ ಅಂತ ಮಾಡಿದ 5.1 ಸೌಂಡ್ ಅದಕ್ಕೆ ತುರುಕಿದಾಗ ಮೊದಲು ಸಣ್ಣಗಾಗುವುದು ಮಾತು.

ನಾಗರಬಾವಿ_ನವೀನ:
ಮಂಜಣ್ಣ, ಒಪ್ಪಿದೆ. ಆದರೂ 32 ಇಂಚು ಅಂದರೆ ಎಚ್‌ಡಿ ರೆಡಿ, 1366 ಗುಣಿಸು 768 ಚುಕ್ಕಿ. ಫುಲ್ ಎಚ್‌ಡಿ ಕೂಡ ಅಲ್ಲ. ಚಿತ್ರ ಎಷ್ಟು ಅಂತ ಚೆನ್ನಾಗಾಗುತ್ತದೆ?

ಗಣಿತದ_ಗೀತಾ:
ನವೀನ್ ಅವರೇ, ಲೆಕ್ಕ ಹಾಕೋಣ. ಒಳ್ಳೆಯ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಅತಿ ಸಣ್ಣ ಅಂತರ ಅಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು. 9 ಅಡಿ ದೂರಕ್ಕೆ ಅದು ಸುಮಾರು 0.8 ಮಿಲಿಮೀಟರ್ ಆಗುತ್ತದೆ. ಸುಮಾ ಅವರ ಟಿವಿಯಲ್ಲಿ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪವೇ ಜಾಸ್ತಿ. ಅಂದರೆ ಆ ಕುರ್ಚಿಯಿಂದ 32 ಇಂಚಿನ ಎಚ್‌ಡಿ ರೆಡಿಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಕಾಣುವುದಿಲ್ಲ. 43 ಇಂಚಿನಲ್ಲಿ 4ಕೆಯ ಸಣ್ಣ ಚುಕ್ಕಿಗಳಂತೂ ಆ ದೂರದಿಂದ ಬೇರೆಯಾಗಿ ಕಾಣುವುದೇ ಇಲ್ಲ.

ಕೊರತೆ ಇರುವುದು ಚುಕ್ಕಿಯಲ್ಲಲ್ಲ, ಗಾತ್ರದಲ್ಲಿ. ಅದಕ್ಕೆ ದುಡ್ಡಿಲ್ಲದ ಉಪಾಯ ಇದೆ. ಕುರ್ಚಿಯನ್ನು 9 ಅಡಿಯಿಂದ 6 ಅಡಿಗೆ ತನ್ನಿ. 6 ಅಡಿಯಿಂದ ನೋಡಿದ 32 ಇಂಚು, 9 ಅಡಿಯಿಂದ ನೋಡಿದ 48 ಇಂಚಿಗೆ ಸಮ.

ನಾಗರಬಾವಿ_ನವೀನ:
ಲೆಕ್ಕ ಸರಿ. ಆದರೆ ಹಾಲ್ ನಡುವೆ ಕುರ್ಚಿ ಹಾಕಿದರೆ ಓಡಾಡುವುದು ಎಲ್ಲಿ? ಎಲ್ಲರ ಮನೆಯಲ್ಲೂ ಕುರ್ಚಿ ಗೋಡೆಗೇ ಇರುತ್ತದೆ.

ಗಣಿತದ_ಗೀತಾ:
ಹೌದು, ಅದೇ ನಮ್ಮ ಅಭ್ಯಾಸ. ಮದುವೆಮನೆ ಕುರ್ಚಿ ಥರ ಸುತ್ತಲೂ ಗೋಡೆಗೆ ಜೋಡಿಸಿ ನಡುವೆ ಖಾಲಿ ಬಿಡುತ್ತೇವೆ. ನಮ್ಮ ಮನೆಯಲ್ಲಿ ಸಂಜೆ ಎರಡು ಕುರ್ಚಿ ಮುಂದೆ ಎಳೆದುಕೊಳ್ಳುತ್ತೇವೆ, ಮಲಗುವ ಮುಂಚೆ ಹಿಂದೆ ಇಡುತ್ತೇವೆ. ಅರ್ಧ ನಿಮಿಷದ ಕೆಲಸ.

ಬಳ್ಳಾರಿ_ಬಸವ:
ಕುರ್ಚಿ ಎಳೆಯುವುದು ಚೆನ್ನಾಗಿದೆ. ಟಿವಿ ಎತ್ತರವನ್ನೂ ನೋಡಿ. ನಮ್ಮ ಕಡೆ ಬಾಗಿಲ ಮೇಲಿನ ಎತ್ತರಕ್ಕೆ ಹೊಡೆಸಿರುತ್ತಾರೆ. ನಮ್ಮ ತಂದೆಯವರಿಗೆ ಕುತ್ತಿಗೆ ನೋವು ಶುರುವಾಗಿದ್ದೇ ಹಾಗೆ. ಕೂತಾಗ ಕಣ್ಣು ಟಿವಿಯ ಮಧ್ಯಕ್ಕೆ ಬರಬೇಕು.

ಮೈಸೂರು_ಮೇಷ್ಟ್ರು:
ಎಲ್ಲರೂ ಚಿತ್ರದ ಹಿಂದೆ ಹೋದಿರಿ. ಸುಮಾ ಕೇಳಿದ್ದು ಅಮ್ಮನ ಕಿವಿಯ ವಿಷಯ ಅಲ್ವಾ?

ನಾನು ನಿವೃತ್ತ ಮೇಷ್ಟ್ರು, 74 ವರ್ಷ. ನನಗೂ ಇದೇ ಆಗಿತ್ತು. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ವಯಸ್ಸಾದಾಗ ಮೊದಲು ಹೋಗುವುದು ತೀಕ್ಷ್ಣ ಸದ್ದು. ಸ, ಶ, ತ, ಕ ಇವೆಲ್ಲ ಅಲ್ಲಿ ಇರುವಂಥವು. ಅ, ಆ, ಓ ಚೆನ್ನಾಗಿ ಕೇಳುತ್ತವೆ. "ಕತೆ" ಅಂದರೋ "ಪತೆ" ಅಂದರೋ ಗೊತ್ತಾಗುವುದಿಲ್ಲ. ಆಗ ವಾಲ್ಯೂಮ್ ಎತ್ತಿದರೆ ಮೊದಲೇ ಕೇಳುತ್ತಿದ್ದ ಸದ್ದು ಇನ್ನೂ ಜೋರಾಗುತ್ತದೆ, ಕೇಳದಿದ್ದದ್ದು ಕೇಳದೆಯೇ ಉಳಿಯುತ್ತದೆ. ಹಾಡು ಬಂದಾಗ ಮನೆ ಸೀಳುವ ಹಾಗಾಗುವುದು ಇದಕ್ಕೇ.

ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಬಾಸ್ ಇಳಿಸಿ, ಟ್ರೆಬಲ್ ಏರಿಸಿ. "ಕ್ಲಿಯರ್ ವಾಯ್ಸ್" ಅಂತ ಇದ್ದರೆ ಹಾಕಿ. "ಆಟೋ ವಾಲ್ಯೂಮ್" ಇದ್ದರೆ ಅದನ್ನೂ ಹಾಕಿ, ಜಾಹೀರಾತಿನ ಕೂಗು ತಗ್ಗುತ್ತದೆ. "ಸರೌಂಡ್" ಅಂತ ಇರುವುದನ್ನು ಮಾತ್ರ ಆಫ್ ಮಾಡಿ.

ಜೊತೆಗೆ ಒಮ್ಮೆ ಅಮ್ಮನ ಕಿವಿ ಪರೀಕ್ಷೆ ಮಾಡಿಸಮ್ಮ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ನನಗೆ ಅಲ್ಲಿಯೇ ಪರೀಕ್ಷೆ ಆಗಿದ್ದು. ಅಷ್ಟು ದೂರ ಕಷ್ಟ ಆದರೆ ಶಿವಮೊಗ್ಗದಲ್ಲೇ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತದೆ.

ಸಾಗರದ_ಸುಮಾ:
ಮೇಷ್ಟ್ರೇ, ಕಣ್ಣಲ್ಲಿ ನೀರು ಬಂತು. ಅಮ್ಮ ಗಮನ ಕೊಡುವುದಿಲ್ಲ ಅಂತ ನಾನು ಎಷ್ಟೋ ಸಲ ಸಿಡುಕಿದ್ದೇನೆ. ಫೋನ್‌ನಲ್ಲಿ ತಮ್ಮನ ಮಾತು ಸರಿಯಾಗಿ ಕೇಳುತ್ತದೆ, ಟಿವಿದು ಯಾಕೆ ಕೇಳಲ್ಲ ಅಂತ ಜಗಳ ಕೂಡ ಆಡಿದ್ದೇನೆ.

ಮೈಸೂರು_ಮೇಷ್ಟ್ರು:
ಫೋನ್ ಕಿವಿಗೇ ಅಂಟಿರುತ್ತದೆ ತಾಯಿ. ಹಿಂದೆ ಬೇರೆ ಸದ್ದು ಇರುವುದಿಲ್ಲ. ಟಿವಿ 9 ಅಡಿ ಆಚೆ.

ಹುಬ್ಬಳ್ಳಿ_ಹುಡುಗ:
ಅದಕ್ಕೇ ನಾನು ಸೌಂಡ್‌ಬಾರ್ ಅಂದದ್ದು ರೀ. ತೆಳ್ಳನೆ ಟಿವಿಗಳ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಸದ್ದು ಗೋಡೆಗೆ ಬಡಿದು ನಮಗೆ ಬರುತ್ತದೆ. ಬಾರ್ ಆದರೆ ನೇರ ಮುಖಕ್ಕೆ. ಎಚ್‌ಡಿಎಂಐ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ವೈರ್‌ನಲ್ಲೇ ಬಾರ್‌ಗೆ ಕಳಿಸುವ ವ್ಯವಸ್ಥೆ, ಇದ್ದರೆ ಟಿವಿ ರಿಮೋಟ್‌ನಲ್ಲೇ ಸದ್ದು ಏರಿಸಿ ಇಳಿಸಬಹುದು. 2009ರ ಎಚ್‌ಡಿಎಂಐ 1.4ರಿಂದಲೇ ಅದು ಇದೆ, 7 ವರ್ಷದ ಟಿವಿಯಲ್ಲಿ ಇರಬಹುದು. ತೂತಿನ ಪಕ್ಕ ಎಆರ್‌ಸಿ ಅಂತ ಬರೆದಿದೆಯಾ ನೋಡಿ ಅಕ್ಕ.

ಸಾಗರದ_ಸುಮಾ:
ಎರಡು ಎಚ್‌ಡಿಎಂಐ ತೂತು ಇದೆ. ಯಾವುದರ ಪಕ್ಕವೂ ಹಾಗೆ ಬರೆದಿಲ್ಲ. ಒಂದಕ್ಕೆ ಮಗಳ ಸ್ಟಿಕ್ ಹಾಕಿದೆ.

ಹುಬ್ಬಳ್ಳಿ_ಹುಡುಗ:
ಹಾಗಾದರೆ ಬ್ಲೂಟೂತ್ ಬಾರ್.

ಎಸ್‌ಪಿ_ರೋಡ್_ಶಫಿ:
ಬ್ಲೂಟೂತ್ ಬೇಡ ಭಾಯ್. ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಹಾಡು ಕೇಳಲು ಸರಿ, ಸೀರಿಯಲ್‌ಗೆ ಅಲ್ಲ. ಕಿವಿ ಮಂದ ಇರುವವರು ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ. ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಇನ್ನೊಂದು ಮಾತು. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಂಪ್ಲಿಫೈಯರ್ ಬೋರ್ಡ್, ಸ್ಪೀಕರ್ ಮಾರುವವನು. ಯಾರಾದರೂ "10,000 ವ್ಯಾಟ್ ಪಿಎಂಪಿಒ" ಅಂತ ಬರೆದ ಡಬ್ಬ ತೋರಿಸಿದರೆ ಹಿಂದಿನ ಚೀಟಿ ಓದಿ. ಕರೆಂಟ್ ಎಷ್ಟು ತಗೊಳ್ಳುತ್ತದೆ ಅಂತ ಅಲ್ಲಿ ಇರುತ್ತದೆ. ಗೋಡೆಯಿಂದ 60 ವ್ಯಾಟ್ ತಗೊಳ್ಳುವ ಪೆಟ್ಟಿಗೆ 10,000 ವ್ಯಾಟ್ ಎಲ್ಲಿಂದ ಕೊಡುತ್ತದೆ? ಪಿಎಂಪಿಒ ಬರೀ ಜಾಹೀರಾತಿನ ಲೆಕ್ಕ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಅಂತ ಬರೆದ ಲೆಕ್ಕ ಒಂದೇ ನಂಬಬೇಕು. 12 ಗುಣಿಸು 14 ಹಾಲ್‌ಗೆ 20-30 ವ್ಯಾಟ್ ಆರ್‌ಎಂಎಸ್ ಧಾರಾಳ.

ಚಿಕ್ಕಮಗಳೂರು_ಚೇತನ:
ಶಫಿ ಭಾಯ್, 4440 ಐಸಿ ಇರುವ ಹಳೆಯ ಆಂಪ್ಲಿಫೈಯರ್ ಬೋರ್ಡ್ ಈಗಲೂ ಸಿಗುತ್ತದಾ? ಹೈಸ್ಕೂಲಲ್ಲಿ ಇರುವಾಗ ಮಣ್ಣಿನ ಮಡಕೆಗೆ ಸ್ಪೀಕರ್ ಕೂರಿಸಿ ಮಾಡಿದ್ದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಎಸ್‌ಪಿ_ರೋಡ್_ಶಫಿ:
ಸಿಗುತ್ತದೆ ಚೇತನ್ ಭಾಯ್. ಆ ಮಡಕೆ ಸ್ಪೀಕರ್ ಮಾಡಿದವರೆಲ್ಲ ಈಗಲೂ ಅಂಗಡಿಗೆ ಬಂದು ಅದನ್ನೇ ಕೇಳುತ್ತಾರೆ. ಆದರೆ ಈಗ ಟಿಪಿಎ3116 ಅನ್ನುವ ಚಿಪ್ಪಿನ ಬೋರ್ಡ್ ಇದೆ, ಬಿಸಿ ಆಗುವುದು ಕಡಿಮೆ, ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಓಡುತ್ತದೆ. ಮನೆಯಲ್ಲಿ ಹಳೆಯ ಮ್ಯೂಸಿಕ್ ಸಿಸ್ಟಮ್ ಸ್ಪೀಕರ್ ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕೆ ಈ ಬೋರ್ಡ್ ಹಾಕಿ, ಹೊಸ ಬಾರ್‌ಗಿಂತ ಚೆನ್ನಾಗಿರುತ್ತದೆ.

ಹಾಕುವಾಗ ಕೆಂಪು-ಕಪ್ಪು ನೋಡಿ. ಹೋದ ತಿಂಗಳು ಒಬ್ಬ ಗಿರಾಕಿ "ಬಾಸ್ ಇಲ್ಲ, ಮಾತು ಎಲ್ಲಿಂದಲೋ ಬರುತ್ತದೆ" ಅಂತ ಎರಡೂ ಸ್ಪೀಕರ್ ಬಿಸಾಡಲು ಹೊರಟಿದ್ದರು. ನೋಡಿದರೆ ಒಂದು ಸ್ಪೀಕರ್‌ಗೆ ಮಾತ್ರ ವೈರ್ ತಿರುಗುಮುರುಗು. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ನಡುವೆ ಬರಬೇಕಾದ ಮಾತು ಕರಗಿಹೋಗುತ್ತದೆ. ತಿರುಗಿಸಿ ಹಾಕಿದೆ. ಆ ಮನುಷ್ಯ ಅಂಗಡಿಯಲ್ಲೇ ಕೂತು ಅರ್ಧ ಗಂಟೆ ಹಾಡು ಕೇಳಿಕೊಂಡು ಹೋದರು.

ಫ್ರೀಮಾಂಟ್_ಫಣಿ:
ನಮ್ಮಂತೆ ಹೊರಗಿರುವವರಿಗೆ ಒಂದು ಎಚ್ಚರಿಕೆ. ನಾನು ಇಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಒಳ್ಳೆಯ ರಿಸೀವರ್ ತಗೊಂಡು ಹಾಸನದ ಮನೆಗೆ ಹೊತ್ತುಕೊಂಡು ಹೋದೆ. ಅಣ್ಣ ನೇರ ಪ್ಲಗ್‌ಗೆ ಹಾಕಿದ. ಅಮೆರಿಕದ್ದು 120 ವೋಲ್ಟ್, ನಮ್ಮದು 230. ಎರಡು ಸೆಕೆಂಡ್‌ನಲ್ಲಿ ಹೊಗೆ. ಹಿಂದೆ "100-240" ಅಂತ ಬರೆದಿದ್ದರೆ ಮಾತ್ರ ತನ್ನಿ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕವೇ ಒಂದು ಹೊರೆ.

ಕುಂದಾಪುರದ_ಕೃಷ್ಣ:
ಯಾರೂ ಕೋಣೆಯ ಬಗ್ಗೆ ಮಾತಾಡಲಿಲ್ಲವಲ್ಲ! ಸುಮಾ ಅಕ್ಕ, ರೆಡ್‌ಆಕ್ಸೈಡ್ ನೆಲ, ಬರೀ ಗೋಡೆ. ಹಾಲ್ ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ. "ಟರ್ರ್" ಅಂತ ಬಾಲ ಎಳೆದುಕೊಂಡು ಸದ್ದು ಉಳಿದರೆ, ಪ್ರತಿಯೊಂದು ಮಾತೂ ಅದೇ ಬಾಲ ಎಳೆದುಕೊಂಡು ಮುಂದಿನ ಮಾತಿನ ಮೇಲೆ ಬೀಳುತ್ತಿದೆ ಅಂತ ಅರ್ಥ. ಕಿವಿ ಚುರುಕಿದ್ದವರು ಹೇಗೋ ಬಿಡಿಸಿಕೊಳ್ಳುತ್ತಾರೆ, ವಯಸ್ಸಾದವರಿಗೆ ಆಗುವುದಿಲ್ಲ.

ದಪ್ಪ ಜಮಖಾನ ಇದ್ದರೆ ಟಿವಿಗೂ ಕುರ್ಚಿಗೂ ನಡುವೆ ಹಾಸಿ. ನಮ್ಮ ಮನೆಯಲ್ಲಿ ನವಲಗುಂದದ್ದು ಒಂದಿದೆ, ಮದುವೆಗೆ ಯಾರೋ ಕೊಟ್ಟದ್ದು. ಕುರ್ಚಿಯ ಹಿಂದಿನ ಗೋಡೆಗೆ ಒಂದು ಕರಿ ಕಂಬಳಿ ತೂಗು ಹಾಕಿ. ನಾನು ಎರಡನ್ನೂ ಮಾಡಿದ ದಿನ ವಾಲ್ಯೂಮ್ 30ರಿಂದ 22ಕ್ಕೆ ಇಳಿಸಿದೆ. ಯಾರೂ ಕೇಳಿಸಲ್ಲ ಅನ್ನಲಿಲ್ಲ.

ನಾಗರಬಾವಿ_ನವೀನ:
ಗೋಡೆಗೆ ಕಂಬಳಿ? ನೆಂಟರು ಬಂದರೆ ಏನಂದುಕೊಳ್ಳುತ್ತಾರೆ ಕೃಷ್ಣ?

ಕುಂದಾಪುರದ_ಕೃಷ್ಣ:
ಚೆಂದದ ಅಂಚಿನ ಕಂಬಳಿ ಸಿಗುತ್ತದೆ ಮಾರಾಯ್ರೆ. ಪುಸ್ತಕದ ಕಪಾಟು ಇದ್ದರೆ ಅದನ್ನೇ ಆ ಗೋಡೆಗೆ ತನ್ನಿ. ದಪ್ಪ ಪರದೆಯೂ ಆಗುತ್ತದೆ. ಯಾವುದಾದರೂ ಮೆತ್ತನೆಯದು ಬೇಕು ಅಷ್ಟೇ.

ರಾಯಚೂರು_ರಾಜು:
ನನ್ನದು ಬೇರೆ ಪ್ರಶ್ನೆ. 8 ಸಾವಿರಕ್ಕೆ ಪ್ರೊಜೆಕ್ಟರ್ ಬರುತ್ತದೆ, "4ಕೆ ಸಪೋರ್ಟ್" ಅಂತ ಇದೆ. 100 ಇಂಚು ಚಿತ್ರ. ಟಿವಿ ಯಾಕೆ ಬೇಕು?

ದಾವಣಗೆರೆ_ಟಿವಿ_ಮಂಜು:
ರಾಜು, "ಸಪೋರ್ಟ್" ಅಂದರೆ 4ಕೆ ಫೈಲ್ ಓದುತ್ತದೆ ಅಂತ, ತೋರಿಸುತ್ತದೆ ಅಂತ ಅಲ್ಲ. "ನೇಟಿವ್", ಅಂದರೆ ನಿಜಕ್ಕೂ ತೋರಿಸುವ ಚುಕ್ಕಿ, ಎಷ್ಟು ಅಂತ ಕೇಳು. ಆ ಬೆಲೆಯಲ್ಲಿ ಸಾಮಾನ್ಯವಾಗಿ 1280 ಗುಣಿಸು 720 ಇರುತ್ತದೆ. ಬೆಳಕನ್ನು ಎಎನ್‌ಎಸ್‌ಐ ಲೂಮೆನ್‌ನಲ್ಲಿ, ಅಂದರೆ ಗೊತ್ತಾದ ಕ್ರಮದಲ್ಲಿ ಅಳೆದು, ಬರೆದಿದ್ದರೆ ಮಾತ್ರ ನಂಬು, ಬರೀ "9000 ಲೂಮೆನ್" ಅಂತ ಇದ್ದರೆ ಬಿಟ್ಟುಬಿಡು. ರಾಯಚೂರು ಬಿಸಿಲಿಗೆ ಹಗಲು ಹೊತ್ತು ಏನೂ ಕಾಣುವುದಿಲ್ಲ. ರಾತ್ರಿ ಹುಡುಗರ ಜೊತೆ ಟೆರೇಸ್ ಮೇಲೆ ಕ್ರಿಕೆಟ್ ನೋಡಲು ಚೆನ್ನ, ದಿನದ ಟಿವಿಗೆ ಅಲ್ಲ.

ತುಮಕೂರು_ತಾರಾ:
ಇಂಥದ್ದೇ ಇನ್ನೊಂದು ಮೋಸ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳದ್ದು. ಡಬ್ಬದ ಮೇಲೆ 8ಕೆ ಅಂತ ಬರೆದಿತ್ತು, ತಂದೆ. ಸಿನಿಮಾ ಆ್ಯಪ್‌ಗಳಲ್ಲಿ ಎಲ್ಲಾ ಮಸುಕು. ಸಿನಿಮಾ ಕದಿಯದಂತೆ ಕಾಯುವ ವೈಡ್‌ವೈನ್ ಅನ್ನುವ ಬೀಗದಲ್ಲಿ ಮೇಲಿನ ಮಟ್ಟದ ಎಲ್1 ಅದರಲ್ಲಿ ಇಲ್ಲ, ಕೆಳಮಟ್ಟದ ಎಲ್3 ಇದೆ ಅಂತ ಆಮೇಲೆ ಗೊತ್ತಾಯಿತು. ಎಲ್1 ಇಲ್ಲದಿದ್ದರೆ ಹೆಚ್ಚಿನ ದೊಡ್ಡ ಸಿನಿಮಾ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ. ಹೆಸರಾಂತ ಕಂಪನಿಯ ಸಾದಾ ಸ್ಟಿಕ್ ಅದಕ್ಕಿಂತ ಎಷ್ಟೋ ಮೇಲು.

ಸಾಗರದ_ಸುಮಾ:
ಮಗಳ ಸ್ಟಿಕ್ ಹೆಸರಾಂತ ಕಂಪನಿಯದ್ದೇ. ಆದರೆ ಅವಳೂ "ಸುತ್ತಾ ಇದೆ, ಸುತ್ತಾ ಇದೆ" ಅಂತ ಗೊಣಗುತ್ತಾಳೆ. ರೂಟರ್ ಒಳಗಿನ ಕೋಣೆಯಲ್ಲಿದೆ, ನಡುವೆ ಹಳೆಯ ಮಣ್ಣಿನ ಗೋಡೆ, ಎರಡು ಅಡಿ ದಪ್ಪ.

ತುಮಕೂರು_ತಾರಾ:
ಆ ಗೋಡೆ ವೈಫೈ ತಿನ್ನುತ್ತಿದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವುದಿಲ್ಲ. 2.4 ದಾಟುತ್ತದೆ, ಅದಕ್ಕೆ ಸೇರಿಸಿ ನೋಡಿ. ವೇಗ ತುಂಬಾ ಏನೂ ಬೇಡ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15. ನಿಮ್ಮ 32 ಇಂಚಿಗೆ 5 ಸಾಕು. ಆಗಲೂ ಸುತ್ತಿದರೆ ರೂಟರನ್ನೇ ಹಾಲ್‌ಗೆ ತರಲು ಫೈಬರ್ ಹುಡುಗರಿಗೆ ಹೇಳಿ.

ಹಂಪಿ_ಹಾಲೇಶ:
ತಿಂಗಳ ಖರ್ಚಿನ ಬಗ್ಗೆಯೂ ಹೇಳಿ ಯಾರಾದರೂ. ನಮ್ಮ ಅಪ್ಪ ನೋಡುವುದು ಚಂದನ ಮತ್ತು ನ್ಯೂಸ್ ಅಷ್ಟೇ. ನಾವು ಡಿಶ್ ತೆಗೆಸಿ ಡಿಡಿ ಫ್ರೀ ಡಿಶ್ ಹಾಕಿಸಿದೆವು. ತಟ್ಟೆ, ಬಾಕ್ಸ್‌ಗೆ ಒಂದು ಸಲ ದುಡ್ಡು, ತಿಂಗಳ ಬಾಡಿಗೆ ಇಲ್ಲ. 2004ರಿಂದ ನಡೆಯುತ್ತಿದೆ ಅದು. ತಟ್ಟೆ ನಮ್ಮ ಕಡೆಯಿಂದ ಆಗ್ನೇಯಕ್ಕೆ ಮುಖ ಮಾಡಿರಬೇಕು, ಜಿಸ್ಯಾಟ್-15 ಉಪಗ್ರಹಕ್ಕೆ.

ಸಾಗರದ_ಸುಮಾ:
ಅಮ್ಮನಿಗೆ ಸೀರಿಯಲ್ ಬೇಕಲ್ಲ ಹಾಲೇಶ್ ಅವರೇ.

ಹಂಪಿ_ಹಾಲೇಶ:
ಹಾಗಾದರೆ ಅದು ಬೇಡ. ಹೆಚ್ಚಿನ ಕನ್ನಡ ಸೀರಿಯಲ್ ಚಾನೆಲ್ ಅದರಲ್ಲಿ ಇಲ್ಲ. ಆದರೆ ನಿಮ್ಮ ಈಗಿನ ಪ್ಯಾಕ್ ತೆಗೆದು ನೋಡಿ. ಟಿವಿ, ಫೋನ್ ಕಂಪನಿಗಳ ಮೇಲ್ವಿಚಾರಣೆ ಮಾಡುವ ಟ್ರಾಯ್‌ನ 2019ರ ನಿಯಮದಿಂದ ಬೇಕಾದ ಚಾನೆಲ್ ಒಂದೊಂದಾಗಿ ಆರಿಸಿಕೊಳ್ಳಬಹುದು. ನೋಡದ ಹಿಂದಿ, ಇಂಗ್ಲಿಷ್ ಚಾನೆಲ್ ತೆಗೆದರೆ ಉಳಿದ ದುಡ್ಡಿನಲ್ಲಿ ಅಮ್ಮನ ಚಾನೆಲ್ ಎಚ್‌ಡಿ ಮಾಡಿಸಬಹುದು.

ಧಾರವಾಡದ_ದೀಪಾ:
ಚಿತ್ರದ ಸೆಟ್ಟಿಂಗ್ ಯಾರೂ ಹೇಳಲಿಲ್ಲ. "ವಿವಿಡ್" ಇದ್ದರೆ "ಸಿನಿಮಾ" ಅಥವಾ "ಸ್ಟ್ಯಾಂಡರ್ಡ್" ಮಾಡಿ. ವಿವಿಡ್ ಇರುವುದು ಅಂಗಡಿಯ ಟ್ಯೂಬ್‌ಲೈಟ್‌ಗೆ. ಶಾರ್ಪ್‌ನೆಸ್ ಇಳಿಸಿ, ಮುಖದ ಸುತ್ತ ಬರುವ ಬಿಳಿ ಗೆರೆ ಹೋಗುತ್ತದೆ. ಹೊಸ ಟಿವಿ ಇರುವವರು "ಮೋಷನ್" ಅಂತ ಇರುವುದನ್ನು ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿ ನಡುವೆ ತನ್ನದೇ ಚಿತ್ರ ಸೇರಿಸುತ್ತದೆ, ರಾಜ್‌ಕುಮಾರ್ ಅವರ ಹಳೆಯ ಸಿನಿಮಾ ಕೂಡ ಸೀರಿಯಲ್ ಥರ ಜಾರುತ್ತದೆ.

ದಯವಿಟ್ಟು ಹಳೆಯ ಸಿನಿಮಾ ಎಳೆದು ಅಗಲ ಮಾಡಬೇಡಿ!! ಅದು 4:3ರ ಚಿತ್ರ. ಎರಡು ಪಕ್ಕ ಕಪ್ಪು ಇದ್ದರೆ ಇರಲಿ.

ಬಳ್ಳಾರಿ_ಬಸವ:
ದುಡ್ಡು ಕೊಟ್ಟ ಪರದೆಯಲ್ಲಿ ಕಾಲು ಭಾಗ ಕಪ್ಪು ಬಿಟ್ಟು ನೋಡಬೇಕಾ ದೀಪಾ ಮೇಡಂ?

ಧಾರವಾಡದ_ದೀಪಾ:
ನೋಡಬೇಕು ಬಸವ ಅವರೇ. ಎಳೆದರೆ ಚಂದ್ರ ಮೊಟ್ಟೆಯಾಗುತ್ತಾನೆ, ನಾಯಕಿ ಕುಳ್ಳಗಾಗುತ್ತಾಳೆ. ಕ್ಯಾಮೆರಾ ಹಿಡಿದವರು ಚೌಕಟ್ಟು ನೋಡಿ ನೋಡಿ ತೆಗೆದಿರುತ್ತಾರೆ.

ದಾವಣಗೆರೆ_ಟಿವಿ_ಮಂಜು:
ಸುಮಾ ಅಕ್ಕ, ರಾತ್ರಿ ಒಂದು ಹೊಳೆಯಿತು. ಮನೆಯಲ್ಲಿ ಹಳೆಯ ಕಂಪ್ಯೂಟರ್ ಸ್ಪೀಕರ್ ಇದೆಯಾ? ಎರಡು ಸಣ್ಣ ಡಬ್ಬ ಇರುತ್ತಲ್ಲ, ಅದು.

ಸಾಗರದ_ಸುಮಾ:
ಅಟ್ಟದ ಮೇಲೆ ಇದೆ ಅಣ್ಣ. ತಮ್ಮ ಇಂಜಿನಿಯರಿಂಗ್ ಓದುವಾಗಿನದ್ದು. ಯಾಕೆ?

ದಾವಣಗೆರೆ_ಟಿವಿ_ಮಂಜು:
ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಬೇಡ. ಕೇಳಿ.

ಎಚ್‌ಡಿಎಂಐ ಹಾಕಿದ ಮೇಲೆ ಬಾಕ್ಸಿನ ಹಿಂದಿನ ಕೆಂಪು-ಬಿಳಿ ತೂತು ಖಾಲಿ ಆಗುತ್ತದೆ. ಆದರೆ ಹೆಚ್ಚಿನ ಬಾಕ್ಸ್‌ಗಳಲ್ಲಿ ಅಲ್ಲಿಂದಲೂ ಸದ್ದು ಬರುತ್ತಲೇ ಇರುತ್ತದೆ. ಒಂದು ಕಡೆ ಕೆಂಪು-ಬಿಳಿ ಪಿನ್, ಇನ್ನೊಂದು ಕಡೆ ಸ್ಪೀಕರ್ ಪಿನ್ ಒಳಗೆ ಹೋಗುವ 3.5 ಎಂಎಂ ತೂತು, ಅಂಥ 5 ಮೀಟರ್ ವೈರ್ ತಗೊಳ್ಳಿ. ಗೋಡೆ ಬುಡದಲ್ಲಿ ಎಳೆದು ಆ ಎರಡು ಡಬ್ಬ ಅಮ್ಮನ ಕುರ್ಚಿಯ ಎರಡು ಪಕ್ಕ, ಕಿವಿ ಎತ್ತರಕ್ಕೆ ಇಡಿ. ಕಿವಿಯಿಂದ ಒಂದೂವರೆ ಅಡಿ ಸಾಕು. ಅಮ್ಮನಿಗೆ ಬೇಕಾದಷ್ಟು ಅದರ ತಿರುಗಣೆಯಲ್ಲೇ ಇಟ್ಟುಕೊಳ್ಳಬಹುದು. ಟಿವಿ ಸದ್ದು ನಿಮಗೆ ಬೇಕಾದಷ್ಟು. ಮಗಳ ಓದಿಗೂ ತೊಂದರೆ ಇಲ್ಲ.

ಟಿವಿಯ ಹೆಡ್‌ಫೋನ್ ತೂತಿಗೆ ಹಾಕಬೇಡಿ. ತುಂಬಾ ಟಿವಿಗಳಲ್ಲಿ ಅಲ್ಲಿ ಪಿನ್ ಹಾಕಿದ ಕೂಡಲೇ ಟಿವಿ ಸ್ಪೀಕರ್ ಬಂದ್ ಆಗುತ್ತದೆ.

ಮೈಸೂರು_ಮೇಷ್ಟ್ರು:
ಮಂಜಪ್ಪಾ, ನೂರು ವರ್ಷ ಬಾಳು. ಮಾತನ್ನು ಕಿವಿಯ ಹತ್ತಿರ ತರುವುದು, ಇದಕ್ಕಿಂತ ಬೇರೆ ಮದ್ದಿಲ್ಲ. ನಾನೂ ನಾಳೆ ಇದನ್ನೇ ಮಾಡಿಸುತ್ತೇನೆ.

ಹುಬ್ಬಳ್ಳಿ_ಹುಡುಗ:
ಸೌಂಡ್‌ಬಾರ್ ಮಾತು ವಾಪಸ್ ತಗೊಂಡೆ. ಅಮ್ಮ ಒಬ್ಬರಿಗೇ ಅಂದರೆ ಇದೇ ಸರಿ.

ಸಾಗರದ_ಸುಮಾ:
ನಾಲ್ಕು ದಿನ ಆಯಿತು, ಬರೆಯಲು ಪುರುಸೊತ್ತಾಗಲಿಲ್ಲ.

ಎಚ್‌ಡಿಎಂಐ ಕೇಬಲ್ 250, ಮಂಜಣ್ಣ ಹೇಳಿದ ವೈರ್ 280. ಪೇಟೆಯ ಮೊದಲ ಅಂಗಡಿಯಲ್ಲಿ ಇರಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಸ್ಪೀಕರ್‌ನ ಧೂಳು ಕೊಡವಿ ಹಾಕಿದಾಗ ಒಂದು ಕಡೆ ಕರಕರ ಅಂದಿತು. ತಿರುಗಣೆಯನ್ನು ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿದೆ, ನಿಂತಿತು. ಕುರ್ಚಿ ಮುಂದೆ ಎಳೆದೆ. ಜಮಖಾನ ಹಾಸಿದೆ. ಕಂಬಳಿ ಇನ್ನೂ ಹಾಕಿಲ್ಲ.

ಚಿತ್ರ ನೋಡಿ ನನಗೇ ನಂಬಿಕೆ ಬರಲಿಲ್ಲ. ಸೀರೆಯ ಅಂಚಿನ ಬುಟ್ಟಾ ಕಾಣುತ್ತದೆ. 7 ವರ್ಷ ಏನು ನೋಡುತ್ತಿದ್ದೆವೋ.

ಆಮೇಲೆ ಅಮ್ಮನನ್ನು ಕೂರಿಸಿದೆ. ಐದು ನಿಮಿಷ ಸುಮ್ಮನೆ ನೋಡಿದರು. ನಾನು ಪಕ್ಕದಲ್ಲಿ ನಿಂತು "ಕೇಳತ್ತಾ ಅಮ್ಮ?" ಅಂದೆ. ಬಲಗೈ ಎತ್ತಿ "ಶ್, ಮಾತಾಡಬೇಡ" ಅಂದರು. ಕಣ್ಣು ಟಿವಿಯಿಂದ ತೆಗೆಯಲೇ ಇಲ್ಲ.

ಒಂದೇ ತೊಂದರೆ. ಟಿವಿ ಮಾತಿಗೂ ಪಕ್ಕದ ಡಬ್ಬದ ಮಾತಿಗೂ ಚೂರು ಹಿಂದೆಮುಂದೆ ಇದೆ, ಬಾವಿಯಲ್ಲಿ ಕೂಗಿದ ಹಾಗೆ.

ದಾವಣಗೆರೆ_ಟಿವಿ_ಮಂಜು:
ಓದಿ ತುಂಬಾ ಖುಷಿಯಾಯಿತು ಅಕ್ಕ. ಆ ಹಿಂದೆಮುಂದೆ ಯಾಕೆಂದರೆ, ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಒಂದು ಕ್ಷಣ ತಗೊಳ್ಳುತ್ತದೆ, ತನ್ನ ಸದ್ದನ್ನೂ ಅಷ್ಟೇ ತಡೆದು ಬಿಡುತ್ತದೆ. ಡಬ್ಬದ ಸದ್ದು ಬಾಕ್ಸಿನಿಂದ ನೇರ ಬರುತ್ತದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ "ಗೇಮ್" ಅಂತ ಇದ್ದರೆ ಹಾಕಿ, ಆ ತಿದ್ದುವ ಕೆಲಸ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಅಮ್ಮ ಒಬ್ಬರೇ ನೋಡುವಾಗ ಟಿವಿ ಸದ್ದು ಪೂರ್ತಿ ಇಳಿಸಿಬಿಡಿ.

ನಾಗರಬಾವಿ_ನವೀನ:
530 ರೂಪಾಯಿ! ಸುಮಾ ಅವರೇ, ಉಳಿದ 11 ಸಾವಿರದಲ್ಲಿ ಮೊದಲು ಅಮ್ಮನ ಕಿವಿ ಪರೀಕ್ಷೆ ಮಾಡಿಸಿ. ಟಿವಿ ಅಡಿಕೆ ಕೊಯ್ಲಿನ ಮೇಲೆ ನೋಡೋಣ, ಆಗ ನಾನೇ ನಿಮ್ಮ ತಮ್ಮನಿಗೆ ಲೆಕ್ಕ ಹೇಳುತ್ತೇನೆ.

ಸಾಗರದ_ಸುಮಾ:
ಬುಧವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇವೆ, ಚೀಟಿ ತಗೊಂಡಾಗಿದೆ. "ಗೇಮ್" ಸಿಕ್ಕಿತು ಮಂಜಣ್ಣ, ಬಾವಿಯ ಸದ್ದು ಬಹುತೇಕ ಹೋಯಿತು.

ದಾವಣಗೆರೆ_ಟಿವಿ_ಮಂಜು:
ಇನ್ನೊಂದು ಮರೆತಿದ್ದೆ. ನಿಮ್ಮ ಕಡೆ ಈಗ ಗುಡುಗಿನ ಮಳೆ. ಮಳೆಗಾಲದ ಮುಂಚೆ ನನ್ನ ಅಂಗಡಿಗೆ ಬರುವ ಟಿವಿಗಳಲ್ಲಿ ಸಿಡಿಲಿಗೆ ಹೋದವೇ ಜಾಸ್ತಿ. ಪ್ಲಗ್ ಕಿತ್ತರೆ ಸಾಲದು, ತಟ್ಟೆಯಿಂದ ಬಾಕ್ಸಿಗೆ ಬರುವ ದಪ್ಪ ಕೇಬಲ್ ಕೂಡ ಬಿಚ್ಚಿಡಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಗುಡುಗು ಶುರುವಾಗುವ ಮುಂಚೆಯೇ ಬಿಚ್ಚಿ, ಹೊಡೆಯುವಾಗ ಮುಟ್ಟಬೇಡಿ.

ಸಾಗರದ_ಸುಮಾ:
ಇವತ್ತು ಮಧ್ಯಾಹ್ನವೇ ಮೋಡ ಕಟ್ಟಿತು, ಎರಡನ್ನೂ ಬಿಚ್ಚಿಟ್ಟಿದ್ದೇನೆ. ಅಮ್ಮ ಕುರ್ಚಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾರೆ, ಆರೂವರೆಗೆ ನಿಲ್ಲುತ್ತದಾ ಅಂತ.